ಹುಲಿ ನೋಡಲು ಹೋಗಿ ಚರಗ ಚೆಲ್ಲಿದ್ದು

ನಾನು ಬೆಂಗಳೂರಿಗೆ ಹೋದದ್ದು ಹುಲಿ ನೋಡಲಿಕ್ಕಲ್ಲ, ಮೊಮ್ಮಗಳನ್ನು ಹೆರಿಗೆಗೆ ಕರೆದುಕೊಂಡು ಬರಲಿಕ್ಕೆ. ಜೊತೆಗೆ ಅವಳ ತಾಯಿ ಇದ್ದಳು, ಅಂದರೆ ನನ್ನ ಮಗಳು. ಅವಳನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದೇವೆ. ನಾನು ಇರುವುದು ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ, ದೊಡ್ಡ ಮಗನ ಹತ್ತಿರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರಿಗೆ ಗೊಂದಲವಾಗುತ್ತದೆ. ಮೊಮ್ಮಗಳ ಗಂಡ ನನ್ನ ಕಿರಿಯ ಮಗನೇ. ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ನಮ್ಮ ಕಡೆ ಹೊಸದಲ್ಲ. ಹೊಲ ಹೊರಗೆ ಹೋಗುವುದಿಲ್ಲ, ಹುಡುಗಿ ಪರರ ಮನೆ ಸೇರುವುದಿಲ್ಲ ಎಂದು ಹಿರಿಯರು ಮಾಡುತ್ತಾರೆ. ಹೀಗಾಗಿ ಅವಳು ನನಗೆ ಮೊಮ್ಮಗಳೂ ಹೌದು, ಸೊಸೆಯೂ ಹೌದು. ನನ್ನನ್ನು ಒಂದು ದಿನವೂ ಅತ್ತೆ ಎಂದು ಕರೆದವಳಲ್ಲ, ಆಯಿ ಅಂತಲೇ, ಅಂದರೆ ಅಜ್ಜಿ ಎಂದೇ ಕರೆಯುತ್ತಾಳೆ. ಗಂಡನನ್ನು ಮಾಮಾ ಅನ್ನುತ್ತಾಳೆ, ಸಣ್ಣವಳಿದ್ದಾಗ ಅಂದ ಹಾಗೆಯೇ.

ಮಗ ಬೆಂಗಳೂರಿನಲ್ಲಿ ಸಿಟಿ ಬಸ್ಸಿನ ಡ್ರೈವರ್. ನಮ್ಮ ಜಿಲ್ಲೆಯ ಹುಡುಗರು ಅಲ್ಲಿ ಬಹಳ ಜನ ಅದೇ ಕೆಲಸದಲ್ಲಿದ್ದಾರೆ. ಒಂದು ಓಣಿಯಲ್ಲಿ ನಿಂತು ಗಟ್ಟಿಯಾಗಿ ಕೆಮ್ಮಿದರೆ ಇಂಡಿ ತಾಲೂಕಿನವನೊಬ್ಬ, ಮುದ್ದೇಬಿಹಾಳದವನೊಬ್ಬ ಬಾಗಿಲು ತೆರೆಯುತ್ತಾನೆ.

ನಾವು ಹೋಗಿ ಇಳಿದ ದಿನ ಹುಡುಗಿಯನ್ನು ಮುಂದೆ ಕೂಡ್ರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಆಗ ಏಳು ತಿಂಗಳು ತುಂಬಿತ್ತು. ಬಲಗಿವಿಯ ಹಿಂದೆ ಕೂದಲು ಸರಿಸಿದರೆ ಚರ್ಮ ಕಪ್ಪಾಗಿ ಬಾತಿತ್ತು.

"ಏನಿದು?" ಅಂದೆ.

"ಬಾಗಲಾ ಬಡೀತು, ಆಯಿ."

"ಬಾಗಲಕ್ಕ ಬೆರಳು ಇರತಾವೇನು?"

ಅವಳು ಕೂದಲು ಎಳೆದು ಕಿವಿ ಮುಚ್ಚಿಕೊಂಡಳು. ಅಡಿಗೆಮನೆಯಲ್ಲಿದ್ದ ಮಗಳು ಈಚೆ ಬಂದು, "ಅವ್ವಾ, ಬಂದ ದಿನಾನ ಸುರು ಮಾಡಬ್ಯಾಡ. ಗಂಡಾ ಹೆಂಡತಿ ಜಗಳಾ. ಅಂವಾ ನನ್ನ ತಮ್ಮ ಅದಾನ, ಯಾರೋ ಹೊರಗಿನಾಂವ ಅಲ್ಲ" ಅಂದಳು.

"ಹೊರಗಿನಾಂವ ಆಗಿದ್ರ ಇಷ್ಟೊತ್ತಿಗಿ ಅವನ ಬಾಗಲದಾಗ ನಿಂತು ಬಾಯಿ ಮಾಡತಿದ್ದಿ," ಅಂದೆ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸುಮ್ಮಸುಮ್ಮನೆ ತೊಳೆದಳು.

ನನ್ನ ಗಂಡನೂ ಹೊಡೆಯುತ್ತಿದ್ದ. ಸತ್ತವನೆಂದು ಅವನಿಗೆ ನಾನು ಒಳ್ಳೆಯತನ ಹಚ್ಚುವುದಿಲ್ಲ. ಒಂದು ದಿನ ರೊಟ್ಟಿ ಬೇಯುತ್ತಿದ್ದ ಹಂಚನ್ನು ಒಲೆಯ ಮೇಲಿಂದ ಎತ್ತಿ ಅವನ ಮೇಲೆ ಒಗೆದೆ. ಮೊಣಕಾಲಿಗೆ ಬಿದ್ದು ಚರ್ಮ ಸುಲಿಯಿತು, ಸುಗ್ಗಿಯ ರಾಶಿಯ ಹೊತ್ತಿನಲ್ಲಿ ಕುಂಟುತ್ತ ತಿರುಗಿದ. ಆಮೇಲೆ ಅವನಿಗೆ ಸಿಟ್ಟು ಬರುವುದು ನಿಲ್ಲಲಿಲ್ಲ, ಆದರೆ ಕೈ ಎತ್ತುವ ಮುಂಚೆ ಒಲೆಯ ಕಡೆ ನೋಡುವುದನ್ನು ಕಲಿತ. ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳು ನಕ್ಕು, "ನಮ್ಮದು ಗ್ಯಾಸ್ ಒಲಿ, ಆಯಿ. ಹಂಚು ಹಗೂರ ಐತಿ" ಅಂದಳು.

ಮಗ ಕೆಲಸ ಮುಗಿಸಿ ಬಂದ. ಉಣ್ಣಲು ಕೂತ. ಉಣ್ಣುವಾಗಲೇ ಮಾತು ತೆಗೆದೆ. ಮೊದಲ ಹೆರಿಗೆ ತವರಲ್ಲಿ ಆಗಬೇಕು, ನಾಡಿದ್ದು ಕರೆದುಕೊಂಡು ಹೋಗುತ್ತೇವೆ ಅಂದೆ.

"ಕಳಸೂದಿಲ್ಲ," ಅಂದ. "ಇಲ್ಲಿ ದೊಡ್ಡ ದವಾಖಾನಿ ಐತಿ, ಸ್ಕ್ಯಾನಿಂಗ್ ಐತಿ. ಬಾಗೇವಾಡ್ಯಾಗ ಏನೈತಿ?"

"ಅಲ್ಲಿ ಹೊಡಿಯಾವರಿಲ್ಲ."

ಅವನು ಎದ್ದು ನಿಂತು ತಾಟಿಗೆ ಒದ್ದ. ಅನ್ನ ಗೋಡೆಗೆ ಹೋಯಿತು, ತಾಟು ಹುಡುಗಿಯ ಕಾಲಿನ ಹತ್ತಿರ ಬಂದು ಗಿರಗಿರ ತಿರುಗಿ ನಿಂತಿತು. ಅವಳು ಹೊಟ್ಟೆ ಹಿಡಿದುಕೊಂಡು ಕೂತು ಅನ್ನ ಆಯ್ದಳು. ಅವಳಿಗೆ ಅದು ರೂಢಿಯಾಗಿತ್ತು. ಯಾವ ಕಡೆಯಿಂದ ಒರೆಸಬೇಕು, ಯಾವ ಬಟ್ಟೆಯಿಂದ ಒರೆಸಬೇಕು ಎಲ್ಲ ಗೊತ್ತಿತ್ತು. ನನಗೆ ಹೊಟ್ಟೆ ಉರಿದದ್ದು ತಾಟಿಗೆ ಒದ್ದದ್ದಕ್ಕಲ್ಲ, ಅದಕ್ಕೆ.

ಸ್ವಲ್ಪ ಹೊತ್ತಿಗೆ ಅವನೇ ತಣ್ಣಗಾಗಿ ಬಂದ. ಅವನ ಅಪ್ಪನೂ ಹೀಗೇ, ಹೊಡೆದ ಮೇಲೆ ಪೇಟೆಯಿಂದ ಏನಾದರೂ ತಿನ್ನಲು ತರುತ್ತಿದ್ದ. "ನಾಳೆ ನನಗ ರಜಾ ಐತಿ," ಅಂದ. "ಊರ ಹೊರಗ ಹುಲಿ, ಸಿಂಹ ಬಿಟ್ಟಾರ, ಕಾಡಿನಾಗ ಗಾಡ್ಯಾಗ ಕುಂದ್ರಿಸಿ ತೋರಸ್ತಾರ. ನಾಕೂ ಮಂದಿ ಹೋಗೂಣು. ಸಂಜಿ ಬಸ್ಸಿಗಿ ನೀವಿಬ್ಬರೂ ಊರಿಗಿ ಹೋಗ್ರಿ. ಆಕಿ ಇಲ್ಲೇ ಇರತಾಳ. ಇನ್ನ ಆ ಮಾತು ತಗೀಬ್ಯಾಡ್ರಿ."

ಮಗಳು ನನ್ನ ಸೆರಗು ಜಗ್ಗಿದಳು. ನಾಳೆ ಒಂದು ದಿನ ಇದೆಯಲ್ಲ ಅಂದುಕೊಂಡೆ.

ಮರುದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ತೆನೆ ಕಟ್ಟಿದ ಬಿಳಿಜೋಳದ ನಡುವೆ ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಕೂಗುತ್ತ ಚೆಲ್ಲುತ್ತೇವೆ. ಅದಕ್ಕೆ ಚರಗ ಅನ್ನುತ್ತೇವೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಅಂತ ಲೆಕ್ಕ. ಚೆಲ್ಲುವವನು ಮನೆಯ ಗಂಡಸು. ನನ್ನ ಕಿರಿಯ ಮಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನಿಂದ ಚೆಲ್ಲಿದವನು. ಅವನ ಅಪ್ಪ ಅವನಿಗೆ ಒಂದು ಮಾತು ಕಲಿಸಿದ್ದ, ಪಾತ್ರೆ ಪೂರ್ತಿ ಬರಿದಾಗುವವರೆಗೆ ನೆಲಕ್ಕೆ ಇಡಬಾರದು, ಕೆಡವಬಾರದು, ಇಟ್ಟರೆ ಆ ವರ್ಷ ಹೊಲ ಮುನಿಯುತ್ತದೆ ಎಂದು. ನಮ್ಮ ಮನೆಯಲ್ಲಿ ಆ ಮಾತನ್ನು ಮೀರಿದವರಿಲ್ಲ.

ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಊರಿಂದಲೇ ತಂದಿದ್ದೆವು. ಬೆಳಗ್ಗೆ ಎದ್ದು ಕಡುಬು, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರನ್ನ ಮಾಡಿದೆವು. ಹುಡುಗಿ ತಾನೇ ಎಲ್ಲವನ್ನೂ ಬುಟ್ಟಿಯಲ್ಲಿ ಹೊಂದಿಸಿ ಮೇಲೆ ಬಿಳಿ ಬಟ್ಟೆ ಕಟ್ಟಿದಳು. ಹೊಲ ಇಲ್ಲದಿದ್ದರೂ ಒಂದು ಗಿಡದ ಕೆಳಗೆ ಕೂತು ಉಂಡರಾಯಿತು ಎಂಬುದು ಅವಳ ಆಸೆ. ಬಸುರಿಯ ಆಸೆ, ಯಾರು ಬೇಡ ಅನ್ನುತ್ತಾರೆ.

ಎರಡು ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಮಗ ಬೇರೆ ಡ್ರೈವರನ ಬ್ರೇಕನ್ನು ಬೈಯುತ್ತಿದ್ದ. "ಮಂದಿ ಕುಂತಾರೋ ಜ್ವಾಳದ ಚೀಲಾ ಕುಂತಾವೋ ಈ ಮಗಗ," ಅಂದ. ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳು. ಬಸ್ಸು ಕುಲುಕಿದಾಗ ಅವಳ ಹೊಟ್ಟೆಗೆ ಅಡ್ಡ ಕೈ ಹಿಡಿದವನೂ ಅವನೇ. ಅದನ್ನೂ ನಾನು ನೋಡಿದೆ. ನೋಡಿದ್ದನ್ನು ಬಿಟ್ಟು ಬರೆಯಬಾರದು.

ಕಾಡಿನೊಳಗೆ ಕರೆದೊಯ್ಯುವ ಗಾಡಿಗೆ ಕಿಟಕಿಗಳಿಗೆಲ್ಲ ಕಬ್ಬಿಣದ ಜಾಳಿಗೆ ಹೊಡೆದಿದ್ದರು. ನಾವು ಒಳಗೆ, ಪ್ರಾಣಿಗಳು ಹೊರಗೆ. ಕರಡಿಗಳು ದಾರಿಯ ಪಕ್ಕ ಮಣ್ಣು ಕೆದರುತ್ತಿದ್ದವು. ಅವುಗಳ ಉಗುರು ನೋಡಿ ನನ್ನ ಮಗಳು ಕಾಲು ಮೇಲೆ ಎತ್ತಿಕೊಂಡಳು. "ಗಾಡಿ ತಳಾ ತೂತು ಇಲ್ಲಬೇ, ಕಾಲು ಇಳಿಸು" ಅಂದೆ. ಹುಲಿ ಮಲಗಿತ್ತು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಗಾಡಿಯ ತುಂಬ ಜನ ಮೊಬೈಲು ಎತ್ತಿ ಹುಲಿಯನ್ನು ಕರೆದರು, ಸೀಟಿ ಹಾಕಿದರು. ಅದು ಕಿವಿ ಆಡಿಸಿತು, ನೊಣಕ್ಕೆ ಆಡಿಸುವ ಹಾಗೆ.

ಸಿಂಹಗಳ ಕಡೆ ಹೋದಾಗ ಗಾಡಿ ನಿಂತಿತು. ಒಂದು ಹೆಣ್ಣು ನೆರಳಲ್ಲಿ ಒರಗಿತ್ತು. ಗಂಡು ಎಲ್ಲಿಂದಲೋ ಬಂದು ಅದರ ಕುತ್ತಿಗೆಯ ಹತ್ತಿರ ಮೂಗು ತಂದಿತು. ಹೆಣ್ಣು ಎದ್ದದ್ದೂ ಹೊಡೆದದ್ದೂ ಒಂದೇ. ಪಂಜ ಗಂಡಿನ ಮೂತಿಗೆ ಬಡಿದ ಸದ್ದು ಗಾಡಿಯೊಳಗೆ ಕೇಳಿತು. ಗಂಡು ಬಾಯಿ ತೆರೆದು ಗರ್ಜಿಸಿತು, ಮತ್ತೆ ಮುಂದೆ ಬಂತು. ಹೆಣ್ಣು ಈ ಸಲ ಕಣ್ಣಿನ ಕೆಳಗೆ ಪರಚಿತು. ರಕ್ತ ಗಡ್ಡದ ಕೂದಲಿಗೆ ಇಳಿಯಿತು. ಗಂಡು ತಲೆ ಕೊಡವಿ ಹಿಂದೆ ಸರಿದು, ಬೇಲಿಯ ಕಡೆ ನಡೆದುಹೋಯಿತು.

ಗಾಡಿಯಲ್ಲಿ ಬೆಂಗಳೂರಿನ ಹೆಣ್ಣುಮಗಳೊಬ್ಬಳು ತನ್ನ ಗಂಡನಿಗೆ, "ನೋಡ್ಕೊಳ್ಳಿ, ಚೆನ್ನಾಗಿ ನೋಡ್ಕೊಳ್ಳಿ" ಅಂದಳು. ಎಲ್ಲರೂ ನಕ್ಕರು. ನನ್ನ ಮೊಮ್ಮಗಳೂ ನಕ್ಕಳು, ಬಾಯಿ ತುಂಬ. ಬಹಳ ದಿನಕ್ಕೆ ನಕ್ಕಳೆಂದು ಕಾಣುತ್ತದೆ, ನಿಲ್ಲಿಸಲು ಬರಲಿಲ್ಲ. ಆಗ ಮಗನ ಕೈ ಸೀಟಿನ ಮೇಲಿಂದ ಹೋಗಿ ಅವಳ ತೊಡೆಯನ್ನು ಚಿವುಟಿತು. ಚಿವುಟಿ ಬಿಡಲಿಲ್ಲ, ಹಾಗೇ ತಿರುವಿತು.

"ಎಷ್ಟು ಹಲ್ಲು ಕಿಸೀತಿ," ಅಂದ, ಮೆಲ್ಲಗೆ.

ಅವಳ ನಗು ನಿಂತಿತು. ಅವಳು ಜಾಳಿಗೆಗೆ ಹಣೆ ಹಚ್ಚಿ ಹೊರಗೆ ನೋಡಿದಳು.

ಪ್ರಾಣಿ ನೋಡಿ ಮನುಷ್ಯ ಏನೂ ಕಲಿಯುವುದಿಲ್ಲ, ಕಲಿಯಲೂಬಾರದು. ಹಸಿದ ನಾಯಿ ತನ್ನ ಮರಿಯನ್ನೇ ತಿಂದದ್ದನ್ನು ನಾನು ಕಣದಲ್ಲಿ ಕಂಡಿದ್ದೇನೆ. ನಮ್ಮ ಹೊಲದ ಬದುವಿನಲ್ಲಿ ತೋಳ ಆಡಿನ ಮರಿಯ ಗಂಟಲು ಹಿಡಿದಿತ್ತು, ಕುಡುಗೋಲು ಬೀಸಿದೆ. ತೋಳದ ಕಿವಿ ಹರಿದು ಕೈಗೆ ರಕ್ತ ಹಾರಿತು. ತೋಳ ಓಡಿತು, ಆದರೆ ಮರಿ ಉಳಿಯಲಿಲ್ಲ. ಅದರಿಂದ ನಾನು ಕಲಿತದ್ದು ಕುಡುಗೋಲು ಕೈಗೆಟಕುವ ಹಾಗೆ ಇಟ್ಟುಕೊಳ್ಳಬೇಕು ಎಂಬುದಷ್ಟೇ.

ಒಳಗೆ ತಿನಿಸು ಒಯ್ಯಲು ಬಿಡುವುದಿಲ್ಲ. ಬುಟ್ಟಿಯನ್ನು ಗೇಟಿನ ಹೊರಗೆ ಕಾವಲುಗಾರನ ಹತ್ತಿರ ಇಟ್ಟು ಹೋಗಿದ್ದೆವು. ಬಂದು ಅದನ್ನು ತೆಗೆದುಕೊಂಡು, ಗಾಡಿಗಳು ನಿಲ್ಲುವ ಬಯಲಿನ ಆಚೆ ದೊಡ್ಡ ಗಿಡಗಳ ನೆರಳಿಗೆ ಹೋದೆವು. ಅಲ್ಲಿಯೂ ಒಂದು ಬೋರ್ಡು. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಆದರೂ ಓದಲು ಬರುತ್ತದೆ. ಕೋತಿಗಳಿಗೆ ತಿನಿಸು ಹಾಕಬಾರದು ಎಂದಿತ್ತು.

"ಇಲ್ಲಿ ಮಂಗ್ಯಾ ಅದಾವಂತ," ಅಂದೆ.

"ಒಂದೂ ಕಾಣೂದಿಲ್ಲ. ಕುಂದ್ರು ಅವ್ವಾ," ಅಂದ ಮಗ.

ಬುಟ್ಟಿ ಬಿಚ್ಚಿದೆವು. ಕಡುಬಿನ ವಾಸನೆ ಬಂದ ಕೂಡಲೇ ಅವನ ಮುಖ ಬದಲಾಯಿತು. ಊರಿನ ಮುಖವಾಯಿತು. ಅಂಗಿಯ ತೋಳು ಮೇಲೇರಿಸಿ, "ಅವ್ವಾ, ಚರಗಾ ಚೆಲ್ಲಲೇನು? ಅಣ್ಣ ಅಲ್ಲಿ ಚೆಲ್ಲಾಕತ್ತಿರತಾನ ಈಗ" ಅಂದ.

ಅವನ ಅಕ್ಕ ಅಷ್ಟೊತ್ತಿಗೆ ಹಿತ್ತಾಳೆಯ ಪಾತ್ರೆಯಲ್ಲಿ ಕಡುಬು, ಹೋಳಿಗೆ, ರೊಟ್ಟಿ ಮುರಿದು ಹಾಕಿ ಮೊಸರನ್ನದ ಜೊತೆ ಕಲಸುತ್ತಿದ್ದಳು. ತಮ್ಮ ಸಂತೋಷದಿಂದಿದ್ದರೆ ಅವಳಿಗೆ ಅಷ್ಟೇ ಸಾಕು. ಅವನು ಚಪ್ಪಲಿ ಕಳಚಿ, ಪಾತ್ರೆಯನ್ನು ಎಡಗೈಯಲ್ಲಿ ಹಿಡಿದು ಬಯಲಿನ ಅಂಚಿಗೆ ಹೋದ. ಬಲಗೈಯಿಂದ ತುತ್ತು ತುತ್ತು ಎಸೆಯುತ್ತ, ಹೊಲದಲ್ಲಿ ಕೂಗುವ ಹಾಗೆಯೇ ಕೂಗುತ್ತ ನಡೆದ. ಅಲ್ಲಲ್ಲಿ ಕೂತು ಉಣ್ಣುತ್ತಿದ್ದ ಬೆಂಗಳೂರಿನ ಜನ ತಿರುಗಿ ನೋಡಿದರು. ಒಬ್ಬ ಮೊಬೈಲಿನಲ್ಲಿ ತೆಗೆದುಕೊಂಡ. ಹುಡುಗಿ, "ಮಾಮಾ ಭಾಳ ಛಂದ ಕೂಗತಾನ" ಅಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಹೊಲದಲ್ಲಿ ಚೆಲ್ಲಿದ ಚರಗವನ್ನು ಹಕ್ಕಿ ತಿನ್ನುತ್ತವೆ, ಇಲಿ ತಿನ್ನುತ್ತವೆ. ಚೆಲ್ಲಿದವನ ಬೆನ್ನು ಹತ್ತಿ ಯಾರೂ ಬರುವುದಿಲ್ಲ.

ಮೊದಲು ಒಂದು ಹೆಣ್ಣು ಮಂಗ ಇಳಿಯಿತು, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಅದು ಹೋಳಿಗೆಯ ಚೂರು ಎತ್ತಿ ಮೂಸಿ ಬಾಯಿಗೆ ಹಾಕಿಕೊಂಡಿತು. ಮರುಕ್ಷಣ ಗಿಡದಿಂದ ಗಿಡಕ್ಕೆ ಟೊಂಗೆ ಮುರಿಯುವ ಸದ್ದು ಬಂತು, ಎಲ್ಲ ಕಡೆಯಿಂದ ಇಳಿದವು. ನೆಲದ ಮೇಲಿನದು ಮುಗಿಯಿತು. ಅವಕ್ಕೆ ತಿನಿಸು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಿತ್ತು, ಕೈಯನ್ನೇ ನೋಡತೊಡಗಿದವು. ಮಗ ಇನ್ನೆರಡು ತುತ್ತು ಒಗೆದ. ಒಂದು ದೊಡ್ಡ ಗಂಡು ಮಂಗ ಹಲ್ಲು ತೋರಿಸಿ ಅವನ ಪಂಚೆಯ ಅಂಚು ಹಿಡಿಯಿತು. ಅವನು ಒದ್ದ. ಅದು ಕಾಲಿಗೆ ಬಾಯಿ ಹಾಕಿತು, ತಪ್ಪಿತು. ಅವನು ಓಡಿದ.

ಪಾತ್ರೆ ಬಿಸಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಾವಲುಗಾರ ದೂರದಿಂದ ಕೂಗಿ ಹೇಳಿದ, "ಪಾತ್ರೆ ಬಿಸಾಕಿ, ಬಿಸಾಕಿ." ಬಿಸಾಡಲಿಲ್ಲ. ಅದರಲ್ಲಿ ಇನ್ನೂ ಚರಗವಿತ್ತು. ಅದನ್ನು ಎದೆಗೆ ಅವಚಿಕೊಂಡು ಮಂಗಗಳ ಹಿಂಡನ್ನು ಬೆನ್ನಿಗೆ ಕಟ್ಟಿಕೊಂಡು ಸೀದಾ ನಮ್ಮ ಕಡೆ ಬಂದ. ಬಂದು, ಎದ್ದು ನಿಂತಿದ್ದ ಹೆಂಡತಿಯ ಕೈಗೆ ಪಾತ್ರೆಯನ್ನು ತುರುಕಿ, ಅವಳ ಹಿಂದೆ ಹೋಗಿ ನಿಂತ.

ಅವಳೂ ಸಣ್ಣವಳಿದ್ದಾಗಿನಿಂದ ಎಳ್ಳಮಾವಾಸ್ಯೆಗೆ ನಮ್ಮ ಹೊಲಕ್ಕೆ ಬಂದವಳು. ಅವಳೂ ಬಿಸಾಡಲಿಲ್ಲ.

ಗಂಡು ಮಂಗ ನೆಲದಿಂದ ಅವಳ ತೋಳಿಗೆ ಹಾರಿತು. ಒಂದು ಕೈ ಪಾತ್ರೆಯೊಳಗೆ, ಒಂದು ಕೈ ಅವಳ ಕುತ್ತಿಗೆಗೆ. ಅವಳು ತಿರುಗಿದಳು. ಅದು ಮೊಣಕೈಯ ಕೆಳಗೆ ಕಚ್ಚಿತು, ಕಚ್ಚಿ ತಲೆ ಅಲ್ಲಾಡಿಸಿತು, ನಾಯಿ ಅಲ್ಲಾಡಿಸುವ ಹಾಗೆ. ನಾನು ಪಕ್ಕದಲ್ಲಿದ್ದ ನನ್ನ ಊರುಗೋಲು ಎತ್ತಿ ಅದರ ಬೆನ್ನಿಗೆ ಹಾಕಿದೆ. ಜಾಲಿಯ ಕೋಲು, ಮೂಳೆಗೆ ಬಿದ್ದದ್ದು ಕೈಗೆ ತಿಳಿಯಿತು. ಅದು ಬಿಟ್ಟು ನನ್ನ ಕಡೆ ತಿರುಗಿ ಹಲ್ಲು ತೆರೆಯಿತು. ಇನ್ನೊಮ್ಮೆ ಹಾಕಿದೆ. ಮಗಳು ಬುಟ್ಟಿಯನ್ನೇ ಎತ್ತಿ ಮಂಗಗಳ ಮೇಲೆ ಒಗೆದಳು. ಹುಡುಗಿ ಕುಂಡೆಯ ಮೇಲೆ ಕುಸಿದು ಕೂತಳು, ಪಾತ್ರೆ ಉರುಳಿತು. ಕಾವಲುಗಾರ ಪಟಾಕಿ ಹಚ್ಚಿ ಒಗೆದ. ಆಮೇಲೆ ಮಂಗಗಳೆಲ್ಲ ಗಿಡದ ಮೇಲೆ, ಸಜ್ಜೆರೊಟ್ಟಿ ಹಿಡಿದುಕೊಂಡು.

ಹುಡುಗಿಯ ಕೈಯಿಂದ ರಕ್ತ ಬೆರಳಿಗಿಳಿದು ಸೀರೆಯ ಮೇಲೆ ಬೀಳುತ್ತಿತ್ತು. ಕುತ್ತಿಗೆಯಲ್ಲಿ ಉಗುರಿನ ಗೆರೆಗಳು. ಅವಳು ಇನ್ನೊಂದು ಕೈಯಿಂದ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮಗ ಅವಳ ಮುಂದೆ ಬಂದ. ಕೈ ನೋಡುತ್ತಾನೆ, ಹೊಟ್ಟೆ ನೋಡುತ್ತಾನೆ ಅಂದುಕೊಂಡೆ. ಅವನು ಉರುಳಿದ ಪಾತ್ರೆ ನೋಡಿದ.

"ಗಟ್ಟಿ ಹಿಡಿಯಾಕ ಬರೂದಿಲ್ಲೇನು ನಿನಗ? ಚರಗಾ ನೆಲಕ್ಕ ಕೆಡವಿದಿ," ಅಂದು ಕೂತಿದ್ದವಳ ಕೆನ್ನೆಗೆ ಹೊಡೆದ. ಅದೇ ಕಿವಿಯ ಕಡೆ. ತಲೆ ಗಿಡದ ಬೊಡ್ಡೆಗೆ ತಾಗಿತು.

ಕೋಲು ಇನ್ನೂ ನನ್ನ ಕೈಯಲ್ಲೇ ಇತ್ತು. ಹೆಗಲಿಗೆ ಹಾಕಿದೆ. ಅವನು ಕೈ ಅಡ್ಡ ತಂದ, ಕೈಗೆ ಹಾಕಿದೆ. ಬಗ್ಗಿದ, ಬೆನ್ನಿಗೆ ಹಾಕಿದೆ. ಮಂಗಕ್ಕೆ ಹೊಡೆದಾಗ ಇದ್ದ ಅವಸರ ಇರಲಿಲ್ಲ, ನೋಡಿ ನೋಡಿ ಹೊಡೆದೆ. ಅವನು ಒಮ್ಮೆ ನನ್ನ ಮೇಲೂ ಕೈ ಎತ್ತಿದ. ಕೈ ಮೇಲೇ ನಿಂತಿತು.

"ಹೊಡಿ," ಅಂದೆ. "ನಿಮ್ಮಪ್ಪನೂ ಹೊಡದಾನ. ನನಗೇನು ಹೊಸಾದಲ್ಲ."

"ಅವ್ವಾ, ಮಂದಿ ನೋಡಾಕತ್ತಾರ."

"ಆಕಿಗಿ ಹೊಡೀಮುಂದ ಮಂದಿ ಕುರುಡ ಆಗಿದ್ರೇನು?"

ಮಗಳು ನನ್ನ ಸೊಂಟ ಹಿಡಿದು ಜಗ್ಗಿದಳು. "ಬಿಡಬೇ, ಬಿಡು, ನನ್ನ ತಮ್ಮನ್ನ ಕೊಲ್ಲತಿ." ನಾನು ಅವಳನ್ನೂ ನೂಕಿದೆ. ಆಗ ನೆಲದ ಮೇಲಿಂದ ಮೊಮ್ಮಗಳು, "ಆಯಿ, ಸಾಕು. ಕೋಲು ಮುರದ್ರ ನಡಿಯಾಕ ಏನು ಹಿಡಿತಿ" ಅಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಗಂಡನ ಕಡೆ ನೋಡಲೂ ಇಲ್ಲ.

ಕಾವಲುಗಾರ ನಡುವೆ ಬಂದು ನಿಂತ. "ಅಜ್ಜಿ, ಆಮೇಲೆ ಹೊಡೀರಂತೆ. ಮೊದ್ಲು ಆ ಹುಡುಗೀನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕೋತಿ ಕಚ್ಚಿದ್ರೆ ಸೂಜಿ ಹಾಕಿಸ್ಲೇಬೇಕು." ಅವನೇ ಆಟೋ ಕರೆದು ಕೊಟ್ಟ. ಮಗಳು ಬುತ್ತಿಯ ಬಿಳಿ ಬಟ್ಟೆಯನ್ನು ಹರಿದು ಕೈಗೆ ಸುತ್ತಿದಳು. ನಾವು ಮೂವರು ಹಿಂದೆ ಕೂತೆವು. ಮಗ ಡ್ರೈವರನ ಪಕ್ಕ ಅರ್ಧ ಕುಂಡೆ ಇಟ್ಟು ಕೂತ. ಅವನ ಅಂಗಿಯ ಬೆನ್ನು ಹರಿದಿತ್ತು. ಅಷ್ಟು ಹೊತ್ತೂ ನಾನು ಅವಳನ್ನು ಕರೆದುಕೊಂಡು ಹೋಗುತ್ತೇನೆ ಎನ್ನಲಿಲ್ಲ. ಮಗನನ್ನು ಹೊಡೆದ ಮಾತ್ರಕ್ಕೆ ಅವಳು ಎದ್ದು ಬರುತ್ತಾಳೆ ಎಂಬ ಭರವಸೆ ನನಗಿರಲಿಲ್ಲ. ಹೊಡೆಸಿಕೊಂಡವನಿಗೇ ಮುಲಾಮು ಹಚ್ಚುವ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ.

ಸರಕಾರಿ ಆಸ್ಪತ್ರೆ. ನರ್ಸಮ್ಮ ಗಟ್ಟಿ ಕೈಯವಳು. ನಲ್ಲಿಯ ಕೆಳಗೆ ಕೈ ಹಿಡಿದು ಸಾಬೂನಿನಿಂದ ಎಷ್ಟೋ ಹೊತ್ತು ತೊಳೆದಳು. ಗಾಯದ ಬಾಯಿ ತೆರೆದು ತೆರೆದು ತೊಳೆದಳು. ಹುಡುಗಿ ನನ್ನ ಮುಂಗೈ ಹಿಡಿದಿದ್ದಳು, ಅವಳ ಉಗುರು ಒಳಗೆ ಹೋದವು. ಆಮೇಲೆ ಗಾಯದ ಸುತ್ತಲೇ ಸೂಜಿ ಚುಚ್ಚಿದರು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೇಳಿ, ಮಗು ಚೆನ್ನಾಗಿದೆ, ಹೆದರಬೇಡಿ ಅಂದಳು. ಬಾಗಿಲಲ್ಲಿ ನಿಂತಿದ್ದ ಮಗ ಉಸಿರು ಬಿಟ್ಟದ್ದು ಕೇಳಿಸಿತು.

ನರ್ಸಮ್ಮ ಉಳಿದ ಗಾಯ ನೋಡತೊಡಗಿದಳು. ಎಲ್ಲಿ ಎಲ್ಲಿ ತರಚಿದೆ ಹೇಳು, ಎಲ್ಲಾದಕ್ಕೂ ಔಷಧ ಹಚ್ಚಬೇಕು ಅಂದಳು. ಕುತ್ತಿಗೆಯ ಗೆರೆಗಳಿಗೆ ಹಚ್ಚಿದಳು. ಕೂದಲು ಸರಿಸಿದಳು.

"ಇಲ್ಲಿ ಕಿವಿ ಹಿಂದೆ? ಇದೂ ಕೋತೀನಾ?"

"ಅದು ಮಂಗ್ಯಾಂದಲ್ಲರಿ," ಅಂದಳು ಹುಡುಗಿ.

"ಮತ್ತೆ?"

"ನನ್ನ ಗಂಡಂದ್ರಿ. ತೊಡಿ ಮ್ಯಾಲೂ ಐತಿ, ಅದೂ ಅವಂದ. ಅದಕ್ಕ ಔಷಧಾ ಬ್ಯಾಡ್ರಿ."

ಅವಳು ಅವನನ್ನು ಗಂಡ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾಮಾ ಅನ್ನಲಿಲ್ಲ. ನರ್ಸಮ್ಮ ಹತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ನನ್ನ ಮಗ ನೆಲ ನೋಡಿದ. ಮಗಳು ತಮ್ಮನನ್ನು ನೋಡಿದಳು, ತನ್ನ ಮಗಳನ್ನು ನೋಡಿದಳು, ಹುಡುಗಿಯ ತೊಡೆಯ ಮೇಲಿನ ಸೀರೆಯನ್ನು ತಾನೇ ಸರಿಸಿ ನೋಡಿದಳು. ಚಿವುಟಿದ ಕಡೆ ನೀಲಿಯಾಗಿತ್ತು, ಅದರ ಪಕ್ಕ ಹಳೆಯವು ಹಳದಿಗೆ ತಿರುಗಿದ್ದವು. ಸೀರೆಯನ್ನು ಮುಚ್ಚಿ ಮೂಲೆಯ ಬೆಂಚಿನ ಮೇಲೆ ಹೋಗಿ ಕೂತಳು.

ನರ್ಸಮ್ಮ ಚೀಟಿ ಬರೆದಳು. "ಇಂಜೆಕ್ಷನ್ ಇನ್ನೂ ಬಾಕಿ ಇದೆ. ಬರೆದ ದಿನಕ್ಕೆ ತಪ್ಪದೆ ಬಂದು ಹಾಕಿಸ್ಕೋಬೇಕು, ಗೊತ್ತಾಯ್ತಾ?"

ಹುಡುಗಿ ಚೀಟಿ ತೆಗೆದುಕೊಂಡು ಓದಿದಳು. "ಇವು ಬಸವನ ಬಾಗೇವಾಡ್ಯಾಗ ಸಿಗತಾವೇನ್ರಿ?"

"ಅದೆಲ್ಲಿ ಬರುತ್ತೆ?"

"ಬಿಜಾಪುರ ಜಿಲ್ಲಾರಿ. ತಾಲೂಕಾ ಊರು."

"ತಾಲೂಕು ಆಸ್ಪತ್ರೆ ಇದ್ರೆ ಸಿಗುತ್ತೆ. ಈ ಚೀಟಿ ತೋರ್ಸು ಸಾಕು."

"ಹಂಗಾರ ಅಲ್ಲೇ ತಗೋತೇನ್ರಿ," ಅಂದಳು.

ಅಷ್ಟೇ. ನನ್ನನ್ನು ಕೇಳಲಿಲ್ಲ, ತಾಯಿಯನ್ನು ಕೇಳಲಿಲ್ಲ, ಬಾಗಿಲಲ್ಲಿದ್ದವನನ್ನು ಕೇಳಲಿಲ್ಲ. ಮಗ ಒಳಗೆ ಬಂದ. ಕೂಗಾಡಲಿಲ್ಲ, ನರ್ಸಮ್ಮ ಅಲ್ಲೇ ಇದ್ದಳು. ನನ್ನ ಕಡೆ ತಿರುಗಿ, "ಅವ್ವಾ, ಅಮಾವಾಸಿ ದಿನಾ ಬಸುರಿ ಊರು ಬಿಡಬಾರದು. ನೀನ ಹೇಳು ಆಕಿಗಿ. ನಾಳೆ ನೋಡೂಣು" ಅಂದ.

ಅದು ಸುಳ್ಳಲ್ಲ, ನಮ್ಮಲ್ಲಿ ಬಿಡುವುದಿಲ್ಲ. ಬೆಂಚಿನ ಮೇಲಿಂದ ಮಗಳು ಮಾತಾಡಿದಳು.

"ನಾಳೆ ಅಂದ್ರ ಇವತ್ತು ಆಕಿ ಎಲ್ಲಿ ಮಲಗಬೇಕೋ ತಮ್ಮಾ? ನಿನ್ನ ಮಗ್ಗಲದಾಗೇನು?"

ಅವಳು ತಮ್ಮನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಎದ್ದು ತನ್ನ ಮಗಳ ಚಪ್ಪಲಿಯನ್ನು ಕಾಲಿನ ಹತ್ತಿರ ತಂದಿಟ್ಟಳು. ಡಾಕ್ಟರಮ್ಮನನ್ನು ಕೇಳಿ, ಮಲಗಿಕೊಂಡು ಹೋಗುವ ಬಸ್ಸಾದರೆ ಹೋಗಬಹುದು ಎನ್ನಿಸಿಕೊಂಡು ಬಂದಳು. ಮನೆಗೆ ಹೋಗಿ ಬಟ್ಟೆ ತರುವುದೂ ಬೇಡ, ಊರಲ್ಲಿ ನನ್ನ ಸೀರೆಗಳಿವೆ ಅಂದಳು. ಸಂಜೆ ಬಸ್ಸಿಗೆ ಹೋಗುವವರು ಇಬ್ಬರಿದ್ದೆವು, ಮೂವರಾದೆವು. ಮಗ ಬಸ್ ನಿಲ್ದಾಣದವರೆಗೆ ಬಂದ. ಕಿಟಕಿಯ ಹತ್ತಿರ ನಿಂತು ಅವಳಿಗೆ, "ಯಾವಾಗ ಬರ್ತಿ?" ಎಂದು ಕೇಳಿದ. ಅವಳು, "ಹಡದ ಮ್ಯಾಲ ಅವ್ವ ಫೋನ್ ಮಾಡ್ತಾಳ" ಅಂದಳು. ದಾರಿಯಲ್ಲಿ ಅವಳಿಗೆ ಜ್ವರ ಬಂತು, ಬೆಳಗಿನ ಹೊತ್ತಿಗೆ ಇಳಿಯಿತು.

ಗಂಡು ಹುಟ್ಟಿತು. ನನ್ನ ಮಗನಿಗೆ ಅವನ ಅಕ್ಕನೇ ಫೋನ್ ಮಾಡಿದಳು. ತೊಟ್ಟಿಲಿಗೆ ಹಾಕುವ ದಿನ ಬಂದ, ಬಾಗೇವಾಡಿಯ ಪಡಸಾಲೆಯಲ್ಲಿ ಕೂತ. ಹುಡುಗಿ ಮಗುವನ್ನು ತಂದು ಅವನ ತೊಡೆಯ ಮೇಲೆ ಇಟ್ಟು, ಬಂದು ನನ್ನ ಪಕ್ಕ ಕೂತಳು. ಮಗುವನ್ನು ಎತ್ತಿ ಹಿಡಿಯಲು ಅವನಿಗೆ ಚೆನ್ನಾಗಿ ಬರುತ್ತದೆ, ಅವಳನ್ನೂ ಹಾಗೆಯೇ ಎತ್ತಿದವನು. ಹೊರಡುವ ಹೊತ್ತಿಗೆ ಕೇಳಿದ, "ಬರ್ತೀಯೇನು?" ಅವಳು ಇಲ್ಲ ಅಂದಳು. ಇನ್ನು ಯಾವಾಗ ಎಂದದ್ದಕ್ಕೆ ಗೊತ್ತಿಲ್ಲ ಅಂದಳು.

ಅವನು ನನ್ನನ್ನು ಹೊರಗೆ ಕರೆದ. ಕಟ್ಟೆಯ ಮೇಲೆ ಕೂತೆವು.

"ನೀ ಹೇಳಿದ್ರ ಬರ್ತಾಳ, ಅವ್ವಾ. ನಿನ್ನ ಮಾತು ಮೀರೂದಿಲ್ಲ ಆಕಿ."

"ನಾ ಹೇಳೂದಿಲ್ಲ."

"ಯಾಕ, ನಾ ನಿನ್ನ ಮಗಾ ಅಲ್ಲೇನು?"

"ಅದೀ," ಅಂದೆ. "ಅದಕ್ಕ ನಿನ್ನ ಗುರ್ತು ನನಗ ಐತಿ."

ಒಳಗೆ ಹುಡುಗಿ ಚಹಾ ಮಾಡಿ ತಾಯಿಯ ಕೈಯಲ್ಲಿ ಕಳಿಸಿದಳು. ಕುಡಿದು ಬಸ್ಸಿಗೆ ಹೋದ.